ಮೂಲೆಯಲ್ಲಿ ಯಾರೂ ಇರಲಿಲ್ಲ

ಮೂರನೇ ಸಾಲಿನ ಮೂರನೇ ಮನೆ ಸುಳ್ಳು ಹೇಳಿತ್ತು.

ಪಾಠ ಮಾಡುತ್ತಿದ್ದ ಮಹೇಶಕುಮಾರನಿಗೆ ಅದು ಗೊತ್ತಾದದ್ದು ಕೊನೆಯ ಕುರ್ಚಿಯಲ್ಲಿದ್ದ ಭುವನೇಶ್ವರಿ ಕೈ ಎತ್ತಿ ತೋರಿಸಿದಾಗ. ಅವಳ ಅಂಗೈ ಮೇಲೆ ನೀಲಿ ಶಾಯಿಯಲ್ಲಿ ಎರಡು ಅಂತ ಇತ್ತು. ಬರಬೇಕಾದದ್ದು ಮೂರು. ಹಲಗೆಯ ಮೇಲೆ ಎರಡು ಪದಗಳಿದ್ದವು: ಸರಕಾರ, ಸಹಕಾರ. ಕ್ರಮ ಕೆಡಿಸದೆ ಎರಡರಲ್ಲೂ ಸಿಗುವ ಅಕ್ಷರ ಎಷ್ಟು? ಸ, ಕಾ, ರ. ಅಂಗನವಾಡಿಯ ಮಗು ಬೆರಳಿಟ್ಟು ಹೇಳುತ್ತದೆ. ಆಳಂದದ ಕಾಲೇಜಿನ ಬಿಸಿಎ ಕೊನೆಯ ವರ್ಷದ ಹದಿನಾರು ಮಂದಿ ಒಟ್ಟಾಗಿ ಎರಡು ಅಂದಿದ್ದರು.

ಪದ್ಧತಿ ಅವನದೇ. ಹಲಗೆ ತುಂಬ ಕೋಷ್ಟಕ ಬರೆದು ಅವನಿಗೆ ಸಾಕಾಗಿತ್ತು; ಹುಡುಗರು ಅದರ ಫೋಟೋ ಹೊಡೆದುಕೊಂಡು ತೂಕಡಿಸುತ್ತಿದ್ದರು. ಈ ಸಲ ತರಗತಿಯನ್ನೇ ಕೋಷ್ಟಕ ಮಾಡಿದ್ದ. ನಾಲ್ಕು ಸಾಲು, ಸಾಲಿಗೆ ನಾಲ್ಕು ಕುರ್ಚಿ. ಅಡ್ಡಸಾಲಿಗೆ ಒಂದೊಂದು ಅಕ್ಷರ, ಕಂಬಸಾಲಿಗೆ ಒಂದೊಂದು ಅಕ್ಷರ. ಪಗಡೆಯ ಪಟದಲ್ಲಿ ಇದ್ದ ಹಾಗೆ, ಒಂದು ಕುರ್ಚಿ ಅಂದರೆ ಒಂದು ಮನೆ.

ನಿಯಮ ಸರಳ. ನಿನ್ನ ಮನೆಯ ಎರಡೂ ಅಕ್ಷರ ಬೇರೆ ಬೇರೆಯಾದರೆ ಮುಂದಿನವನ ಅಂಗೈ ನೋಡು, ಎಡಗಡೆಯವನ ಅಂಗೈ ನೋಡು, ದೊಡ್ಡದನ್ನು ನಿನ್ನ ಅಂಗೈಗೆ ಬರೆದುಕೋ. ಎರಡೂ ಒಂದೇ ಆದರೆ ಎಡಮುಂದಿನ ಮೂಲೆಯವನ ಅಂಗೈ ನೋಡಿ ಒಂದು ಕೂಡಿಸು. ಬೇರೆ ಯಾರನ್ನೂ ಕೇಳುವ ಹಾಗಿಲ್ಲ. ತಲೆ ಎತ್ತಿ ಇಡೀ ಪದ ನೋಡುವ ಹಾಗಿಲ್ಲ. ಡೈನಾಮಿಕ್ ಪ್ರೋಗ್ರಾಮಿಂಗ್ ಅಂದರೆ ಇಷ್ಟೇ, ಅಂದಿದ್ದ ಅವನು. ದೊಡ್ಡ ಪ್ರಶ್ನೆಯನ್ನು ಯಾರೂ ಬಿಡಿಸುವುದಿಲ್ಲ. ಪಕ್ಕದವನ ಉತ್ತರವನ್ನು ನಂಬಿ, ತನ್ನದಷ್ಟನ್ನು ಸೇರಿಸಿ ಹಿಂದಕ್ಕೆ ದಾಟಿಸುತ್ತಾರೆ. ಒಮ್ಮೆ ಬರೆದದ್ದನ್ನು ಯಾರೂ ಮತ್ತೆ ಲೆಕ್ಕ ಹಾಕುವುದಿಲ್ಲ.

ಮೊದಲ ಸಾಲಿನವರಿಗೆ ಮುಂದೆ ಯಾರೂ ಇಲ್ಲ. ಎಡ ಅಂಚಿನವರಿಗೆ ಎಡಕ್ಕೆ ಯಾರೂ ಇಲ್ಲ. ಖಾಲಿ ಮನೆಗೆಲ್ಲ ಸೊನ್ನೆ, ನನ್ನ ಕೈ ನೋಡಿರಿ ಎಂದು ತನ್ನ ಬಲ ಅಂಗೈ ಮೇಲೆ ದಪ್ಪ ಮಾರ್ಕರಿನಲ್ಲಿ ಸೊನ್ನೆ ಬರೆದುಕೊಂಡು, ಆಶೀರ್ವಾದ ಮಾಡುವ ಸ್ವಾಮಿಯ ಹಾಗೆ ಎತ್ತಿ ಹಿಡಿದು ನಿಂತಿದ್ದ. ಎಲ್ಲವೂ ಅಲ್ಲಿಂದಲೇ ಶುರು.

ಹಾಜರಿ ನಂಬರಿನ ಪ್ರಕಾರ ಕೂರಿಸಿದ್ದ. ಅದರಲ್ಲಿ ಒಂದು ಕಳ್ಳ ಸುಖವಿತ್ತು. ನಿಂಬರ್ಗಾದ ಕೇರಿಯಿಂದ ಬರುವ ಅಂಬಾರಾಯ ಮೂರು ವರ್ಷದಿಂದ ಹಿಂದಿನ ಬೆಂಚಿನಲ್ಲಿ, ಗಾಜಿಲ್ಲದ ಕಿಟಕಿಯ ಪಕ್ಕ, ಒಬ್ಬನೇ ಕೂರುತ್ತಿದ್ದ. ಅಲ್ಲಿ ಕೂರು ಅಂತ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವನ್ನು ಆ ಊರು ಎಂದೋ ದಾಟಿತ್ತು. ಇವತ್ತು ನಂಬರು ಅವನನ್ನು ಎರಡನೇ ಸಾಲಿನ ಎರಡನೇ ಕುರ್ಚಿಗೆ ತಂದಿತ್ತು. ಸಂತೋಷಕುಮಾರನ ಎಡಮುಂದಿನ ಮೂಲೆಗೆ.

ಹಿಂದಕ್ಕೆ ನಡೆಯೋಣ, ಅಂದ ಮಹೇಶಕುಮಾರ. ತಪ್ಪು ಹಿಡಿಯುವ ದಾರಿ ಅದೇ. ಕೊನೆಯ ಮನೆಯಿಂದ, ಉತ್ತರ ಬಂದ ದಾರಿಯಲ್ಲೇ ವಾಪಸು ಹೋಗಬೇಕು. ಭುವನೇಶ್ವರಿ ತಾನು ಮೂಲೆಯ ಸಂತೋಷಕುಮಾರನ ಕೈ ನೋಡಿದೆ, ಅಲ್ಲಿ ಒಂದು ಇತ್ತು, ಒಂದು ಕೂಡಿಸಿದೆ ಅಂದಳು. ಅವಳದು ಸರಿ.

ಸಂತೋಷಕುಮಾರ ಕಾಲ ಮೇಲೆ ಕಾಲು ಹಾಕಿಕೊಂಡಿದ್ದ. ಆಳಂದ, ಅಫಜಲಪುರ, ಜೇವರ್ಗಿ ಮೂರರಲ್ಲೂ ಕಾಲೇಜು ಇಟ್ಟ ಸಂಸ್ಥೆಯ ಅಧ್ಯಕ್ಷ ಜಗದೇವಪ್ಪನವರ ತಮ್ಮನ ಮಗ. ಅತನೂರಿನಲ್ಲಿ ಅವರ ಹೊಲದ ಈ ಬದುವಿನಲ್ಲಿ ನಿಂತರೆ ಆ ಬದು ಕಾಣುವುದಿಲ್ಲ.

“ನಿನ್ನ ಅಡ್ಡಸಾಲಿಂದೂ ಕಾ, ಕಂಬಸಾಲಿಂದೂ ಕಾ. ಎರಡೂ ಒಂದೇ. ಮೂಲೆಯವನ ಕೈ ನೋಡಿದಿ?”

“ಇಲ್ರಿ.”

“ಯಾಕ?”

“ಆ ಮೂಲ್ಯಾಗ ಯಾರೂ ಇರ್ಲಿಲ್ರಿ.”

ಅಂಬಾರಾಯ ಅಲ್ಲೇ ಇದ್ದ. ಕುರ್ಚಿಯಲ್ಲಿ ಅರ್ಧ ಹೊರಳಿ, ಬಲಗೈಯನ್ನು ಹಿಂದಕ್ಕೆ ಎತ್ತಿ ಹಿಡಿದಿದ್ದ. ಎಷ್ಟೋ ಹೊತ್ತಿನಿಂದ ಹಿಡಿದಿದ್ದನೇನೋ, ಸೋತ ಮೊಣಕೈಗೆ ಎಡಗೈಯ ಆಸರೆ ಕೊಟ್ಟಿದ್ದ. ಅಂಗೈ ಮೇಲೆ ಒಂದು ಅಂತ ಇತ್ತು. ಒಂದಕ್ಕೆ ಒಂದು ಕೂಡಿದ್ದರೆ ಎರಡು. ಎರಡಕ್ಕೆ ಭುವನೇಶ್ವರಿ ಒಂದು ಕೂಡಿದ್ದರೆ ಮೂರು.

“ಖಾಲಿ ಮನಿಗಿ ಸೊನ್ನಿ ಅಂತ ನೀವೇ ಹೇಳೀರಲ್ರಿ ಸರ್,” ಅಂದ ಸಂತೋಷಕುಮಾರ. “ಸೊನ್ನಿಗಿ ಒಂದು ಕೂಡ್ಸೀನಿ.”

ಯಾರೋ ಮೂಗಿನಲ್ಲಿ ನಕ್ಕರು. ಮಹೇಶಕುಮಾರನ ಕಿವಿ ಬಿಸಿಯಾಯಿತು. ಪ್ರತಿ ಭಾನುವಾರ ಅವನು ಕಲಬುರಗಿಯಲ್ಲಿ ಓದುಗರ ಬಳಗಕ್ಕೆ ಹೋಗುತ್ತಿದ್ದ. ಅಲ್ಲಿ ಸಮಾನತೆಯ ಬಗ್ಗೆ ಎರಡು ಪ್ರಬಂಧ ಓದಿದ್ದ. ಎರಡಕ್ಕೂ ಚಪ್ಪಾಳೆ ಬಿದ್ದಿತ್ತು. ಈಗ ಜೀವಂತ ಉದಾಹರಣೆಯೊಂದು ತನ್ನ ಕೈಗೇ ಬಂದು ಬಿದ್ದಿದೆ ಅನ್ನಿಸಿ ಮೈ ಜುಮ್ಮೆಂದಿತು. ಭಾನುವಾರ ಇದನ್ನು ಹೇಳಬಹುದು.

ಪೆನ್ನು ಚಾಚಿದ. ಅಂಬಾರಾಯ, ಹೋಗಿ ಅವನ ಕೈ ಮೇಲೆ ನೀನೇ ತಿದ್ದು ಅಂದ.

ಅಂಬಾರಾಯ ಪೆನ್ನನ್ನೇ ನೋಡಿದ. “ಬ್ಯಾಡ್ರಿ ಸರ್. ಬಾಯಿಲೇ ಹೇಳ್ತೇನಿ.”

“ಹೋಗು ಅಂದೆ.”

ಅವನು ಎದ್ದ. ತುಟಿಯ ಒಂದು ಕೊನೆಯಲ್ಲಿ ಅವನಿಗೆ ಯಾವಾಗಲೂ ಇರುವ ನಗು ಈಗಲೂ ಇತ್ತು. ಸಂತೋಷಕುಮಾರನ ಮಣಿಕಟ್ಟು ಹಿಡಿದ. ಮುಷ್ಟಿ ಬಿಚ್ಚಲಿಲ್ಲ. “ಬಿಗಿ ಹಿಡಿಬ್ಯಾಡೋ ಮಾರಾಯಾ,” ಅಂದ ಮೆತ್ತಗೆ, “ಎರಡೇ ಬರಿತೇನಿ. ನನ್ನ ಹೆಸರೇನೂ ಬರಿಯಂಗಿಲ್ಲ.”

ತರಗತಿ ಘೊಳ್ಳೆಂದು ನಕ್ಕಿತು. ಭುವನೇಶ್ವರಿ ಎಲ್ಲರಿಗಿಂತ ಜೋರಾಗಿ ನಕ್ಕಳು. ನಗುವಿನ ಸೆಳೆತಕ್ಕೆ ಮುಷ್ಟಿ ಬಿಚ್ಚಿತು. ಅಂಬಾರಾಯ ಒಂದನ್ನು ಹೊಡೆದುಹಾಕಿ ಪಕ್ಕದಲ್ಲಿ ಎರಡು ಬರೆದ. ಸಂತೋಷಕುಮಾರ ಅಂಗೈಯನ್ನು ಮುಖದ ಹತ್ತಿರ ತಂದು ನೋಡಿದ, ಅದು ಯಾರದೋ ಕೈ ಎನ್ನುವ ಹಾಗೆ. ಆಮೇಲೆ ಮಹೇಶಕುಮಾರನ ಕಡೆ ನೋಡಿದ. ಅಂಬಾರಾಯನನ್ನು ನೋಡಲೇ ಇಲ್ಲ.

ಗಂಟೆ ಹೊಡೆಯಿತು.

*

ಪ್ರಾಂಶುಪಾಲ ವ್ಯಂಕಟೇಶ ಅವರ ಕೋಣೆಯಲ್ಲಿ ಬಸವಣ್ಣನ ಪಟಕ್ಕೆ ಪ್ಲಾಸ್ಟಿಕ್ ಮಾಲೆ. ಪಟದ ಕೆಳಗೆ ಕೂತು ಅವರು ಕನ್ನಡಕ ಒರೆಸುತ್ತಿದ್ದರು. ಫೋನು ಆಗಲೇ ಬಂದು ಹೋಗಿತ್ತು.

ಜಗದೇವಪ್ಪ ಸಾಹೇಬರು ಸಿಟ್ಟಾಗಿಲ್ಲ ಅಂದರು ವ್ಯಂಕಟೇಶ. ಸಿಟ್ಟಾಗುವ ಮನುಷ್ಯರಲ್ಲ. ಹುಡುಗ ತಪ್ಪು ಬರೆದಿದ್ದರೆ ಮಾಸ್ತರು ತಿದ್ದಬೇಕಿತ್ತು, ಅಷ್ಟೇ ಅಂದರಂತೆ. ಈ ತಿಂಗಳು ಮಹೇಶಕುಮಾರನನ್ನು ಕಾಯಂ ಮಾಡುವ ವಿಚಾರ ಸಭೆಗೆ ಬರುವುದಿತ್ತು, ಅದನ್ನೂ ಅವರೇ ನೆನಪು ಮಾಡಿದರಂತೆ. ಕೊನೆಗೊಂದು ಮಾತು ಅಂದರಂತೆ. ಅದನ್ನು ವ್ಯಂಕಟೇಶ ಇದ್ದ ಹಾಗೆಯೇ ಒಪ್ಪಿಸಿದರು.

“‘ನಮ್ಮ ಮಂದಿನೇ ಹಿಂಗ ಮಾಡಿದ್ರ ಹೆಂಗ್ರಿ’ ಅಂದ್ರು.”

ನಮ್ಮ ಮಂದಿ. ಮಹೇಶಕುಮಾರ ನೆಲೋಗಿಯವನು. ಅವನ ಅಜ್ಜನ ಎದೆಯ ಮೇಲೆ ಲಿಂಗವಿತ್ತು, ಮನೆಯ ಹೊರಗೆ ಕೂಲಿಯಾಳುಗಳ ಚಹಾಕ್ಕೆ ಬೇರೆ ಲೋಟವಿತ್ತು. ಎರಡನ್ನೂ ಬಿಟ್ಟು ಬಂದಿದ್ದೇನೆ ಎಂದು ಅವನು ನಂಬಿದ್ದ. ಈಗ ಆ ಮಾತು ಚಳಿಯಲ್ಲಿ ಯಾರೋ ಹೆಗಲಿಗೆ ಹಾಕಿದ ಕಂಬಳಿಯ ಹಾಗೆ ಬಂದು ಕೂತಿತು. ಕೊಡವಲು ಹೋದ. ಬೆಚ್ಚಗಿತ್ತು.

“ಅದು ಬರೇ ಕಲಿಸೋ ಪದ್ಧತಿರಿ ಸರ್.”

“ನಾನೂ ಅದನ್ನೇ ಹೇಳಿದೆ. ಕುರ್ಚಿ ಮೊದಲು ಎಲ್ಲಿದ್ವೋ ಅಲ್ಲೇ ಇರ್ಲಿ.”

ಹೊರಗೆ ಬಂದು ನಲ್ಲಿಯಲ್ಲಿ ಕೈ ತೊಳೆದ. ಸೊನ್ನೆ ಹೋಗಲಿಲ್ಲ. ಸೋಪು ಹಚ್ಚಿದ, ಗೋಡೆಗೆ ಉಜ್ಜಿದ. ಚರ್ಮ ಕೆಂಪಾಯಿತು. ಸೊನ್ನೆ ಇನ್ನೂ ಕಪ್ಪಗೆ ಎದ್ದು ಕಂಡಿತು.

ನಲ್ಲಿಯ ಆಚೆ ಹಿತ್ತಲಲ್ಲಿ, ಹೊಸ ಕಟ್ಟೆಗೆ ಹಾಸಲು ತಂದ ಶಹಾಬಾದಿ ಫರ್ಸಿ ಕಲ್ಲುಗಳನ್ನು ಗೋಡೆಗೆ ಆನಿಸಿಟ್ಟಿದ್ದರು. ಬೆಳಿಗ್ಗೆ ಜವಾನ ಸಲಾವುದ್ದೀನ ಅದರಡಿಯಿಂದ ಹೊರಟ ಚೇಳಿನ ಮೇಲೆ ಒಂದು ಫರ್ಸಿಯನ್ನು ಹಾಗೇ ಕೈಬಿಟ್ಟಿದ್ದ. ನೋಡುತ್ತ ನಿಂತ ಹುಡುಗರು, ಚಾಚಾ, ಎತ್ತಿ ತೋರಿಸು ಎಂದು ಗಂಟುಬಿದ್ದಿದ್ದರು. ಎತ್ತಿದಾಗ ಕಲ್ಲಿನ ಮೇಲೆ ಹಸಿ ಕಲೆ ಮಾತ್ರ ಉಳಿದಿತ್ತು. ಕೊಂಡಿ ಬೇರೆಯಾಗಿ ಬಿದ್ದು ಇನ್ನೂ ಮಿಡುಕುತ್ತಿತ್ತು.

*

ಊಟದ ಹೊತ್ತಿನ ನಂತರ ಮಹಡಿಯ ಲ್ಯಾಬಿನಲ್ಲಿ ಅವನೊಬ್ಬನೇ ಇದ್ದ. ಯಾರೂ ಬಂದಿರಲಿಲ್ಲ. ಇಷ್ಟೂ ಮಂದಿ ಒಟ್ಟಿಗೆ ಗೈರಾಗುವುದು ಹೊಸತು. ಒಂದು ಯಂತ್ರ ಹಚ್ಚಿ ಬೆಳಗಿನ ಲೆಕ್ಕವನ್ನೇ ಟೈಪು ಮಾಡಿದ. ಸರಕಾರ, ಸಹಕಾರ. ಒತ್ತಿದ. ಮೂರು. ಯಂತ್ರದ ಮನೆಗಳು ಒಂದನ್ನೊಂದು ನೋಡಲು ಹೇಸುವುದಿಲ್ಲ ಅನ್ನಿಸಿತು. ಈ ವಾಕ್ಯವನ್ನೂ ಭಾನುವಾರ ಹೇಳಬಹುದು.

ಕೆಳಗೆ ಹಿತ್ತಲಲ್ಲಿ ಸಪ್ಪಳವಾಯಿತು.

ಕಿಟಕಿಗೆ ಹೋದ. ಗಾಜು ಮುಚ್ಚಿತ್ತು. ಕೆಳಗೆ ಅವನ ತರಗತಿಯೇ ನಿಂತಿತ್ತು, ಸುತ್ತುಗಟ್ಟಿ. ನಡುವೆ ಅಂಬಾರಾಯ ಮೊಣಕಾಲೂರಿ ನೆಲಕ್ಕೆ ಬಾಗಿದ್ದ. ಒಬ್ಬ ಅವನ ಕುತ್ತಿಗೆಯ ಮೇಲೆ ಮೊಣಕಾಲಿಟ್ಟಿದ್ದ, ಇನ್ನೊಬ್ಬ ಎಡಗೈಯನ್ನು ಬೆನ್ನಿಗೆ ತಿರುವಿದ್ದ, ಮತ್ತಿಬ್ಬರು ಬಲಗೈಯನ್ನು ಎಳೆದು ನೆಲದ ಫರ್ಸಿಯ ಮೇಲೆ ಅಂಗೈ ಮೇಲಾಗಿ ಹಾಸಿದ್ದರು. ಅಂಗಿ ಹರಿದಿತ್ತು. ಬಾಯಿಂದ ನೆತ್ತರು ಎಳೆಯಾಗಿ ಇಳಿದು ಮಣ್ಣು ಮುಟ್ಟಿತ್ತು. ಅವರು ಎಂದೋ ಶುರು ಮಾಡಿದ್ದರು.

ಸಂತೋಷಕುಮಾರ ಒಡೆದ ಫರ್ಸಿಯ ತುಂಡೊಂದನ್ನು ಆರಿಸಿದ. ಒಂದನ್ನೆತ್ತಿ ತೂಗಿ ನೋಡಿ ಬಿಟ್ಟ, ಇನ್ನೊಂದನ್ನು ಎತ್ತಿದ. ಅವಸರವಿರಲಿಲ್ಲ. ಅಂಬಾರಾಯನ ಮುಖದ ಹತ್ತಿರ ಬಗ್ಗಿ, ಅವನದೇ ದನಿಯಲ್ಲಿ, ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಹೇಳಿದ. ಗಾಜಿನ ಈಚೆಗೂ ಕೇಳಿಸಿತು.

“ಬಿಗಿ ಹಿಡಿಬ್ಯಾಡೋ ಮಾರಾಯಾ. ಎರಡೇ ಹೊಡಿತೇನಿ.”

ಅಂಬಾರಾಯ ತಲೆ ಎತ್ತಿದ. ಎತ್ತಲು ಬಂದಷ್ಟು ಎತ್ತಿದ. ಅವನ ಕಣ್ಣು ಸುತ್ತ ನಿಂತವರನ್ನು ಬಿಟ್ಟು ನೇರ ಮಹಡಿಯ ಕಿಟಕಿಗೆ ಬಂತು, ನಿಂತಿತು.

ಸಲಾವುದ್ದೀನ ನಲ್ಲಿಯ ಹತ್ತಿರವೇ ಇದ್ದಾನೆ, ಅವನು ಬಿಡಿಸುತ್ತಾನೆ, ಅಂದುಕೊಂಡ ಮಹೇಶಕುಮಾರ. ಸಲಾವುದ್ದೀನ ಆಫೀಸಿನ ಬಾಗಿಲ ಕಡೆ ನೋಡುತ್ತಿದ್ದ. ಬಾಗಿಲಲ್ಲಿ ವ್ಯಂಕಟೇಶ ನಿಂತಿದ್ದರು. ಅವರು ತಲೆ ಎತ್ತಿ ಮಹಡಿಯ ಕಡೆ ನೋಡಿದರು. ಭುವನೇಶ್ವರಿ ಪಕ್ಕದವಳ ಮುಖ ನೋಡಿದಳು. ಪಕ್ಕದವಳು ತನ್ನ ಮುಂದಿನವನ ಬೆನ್ನು ನೋಡಿದಳು. ಒಂದು ದನಿ ಸಾಕಿತ್ತು. ಅವನಿಗೆ ಅದು ಗೊತ್ತಿತ್ತು. ಒಂದು ದನಿ ಎದ್ದರೆ ಅದಕ್ಕೆ ಇನ್ನೊಂದು ಕೂಡುತ್ತಿತ್ತು.

ಗಾಜು ಬಡಿಯಲು ಕೈ ಎತ್ತಿದ. ಬಡಿಯಲಿಲ್ಲ. ಕೈ ಗಾಜಿನಿಂದ ಒಂದು ಬೆರಳಿನ ದೂರದಲ್ಲಿ ನಿಂತುಬಿಟ್ಟಿತು. ಬೆಳಿಗ್ಗೆ ತರಗತಿಯ ಮುಂದೆ ನಿಂತ ಹಾಗೇ. ಕೆಳಗಿನಿಂದ ಅಂಗೈಯ ಸೊನ್ನೆ ಎಲ್ಲರಿಗೂ ಕಂಡಿರಬೇಕು.

ಮೊದಲ ಏಟಿಗೆ ಕಲ್ಲಿನ ಸಪ್ಪಳ. ಎರಡನೆಯದಕ್ಕೆ ಕಲ್ಲಿನದಲ್ಲದ ಸಪ್ಪಳ. ಅಂಬಾರಾಯ ಕೂಗಿದ್ದು ಮನುಷ್ಯರ ಕೂಗಿನಂತಿರಲಿಲ್ಲ. ದನದ ಕೊರಳಲ್ಲಿ ಹಗ್ಗ ಬಿಗಿದಾಗ ಬರುವಂಥದ್ದು. ಬೆರಳುಗಳು ಬೇರೆ ಬೇರೆ ದಿಕ್ಕಿಗೆ ತಿರುಗಿದವು. ಅಂಗೈಯ ನಡುವೆ ನೀಲಿ ಒಂದು ಇದ್ದ ಜಾಗದಲ್ಲಿ ಬಿಳಿಯದೇನೋ ಹೊರಗೆ ಇಣುಕಿತು. ಆಮೇಲೆ ಅದೂ ಕೆಂಪಾಯಿತು.

ಎರಡೇ ಹೊಡೆದ. ಮಾತಿಗೆ ತಪ್ಪದವನು. ಕಲ್ಲು ಎಸೆದು ನಲ್ಲಿಗೆ ಬಂದು ಕೈ ತೊಳೆದುಕೊಂಡ. ಅವನ ಅಂಗೈಯ ಶಾಯಿ ಒಂದೇ ಸಲಕ್ಕೆ ಹೋಯಿತು.

*

ತಾಲೂಕು ಆಸ್ಪತ್ರೆಯಲ್ಲಿ ಸಂಜೆ ಬಿಸಿಲು ಇನ್ನೂ ಇತ್ತು. ಪೊಲೀಸ್ ಜಮಾದಾರ ಅವನನ್ನು ಕರೆಸಿದ್ದ. ವ್ಯಂಕಟೇಶ ಮೊದಲೇ ಬಂದು ಬಾಗಿಲ ಹತ್ತಿರ ನಿಂತಿದ್ದರು. ಕಾಲೇಜಿನ ಹೇಳಿಕೆ ಸಿದ್ಧವಿತ್ತು: ಫರ್ಸಿ ಸರಿಸಲು ಹೋಗಿ ಹುಡುಗ ಕೈ ಜಜ್ಜಿಕೊಂಡ.

ಕೋಣೆಯ ಎಡ ಮೂಲೆಯ ಮಂಚದ ಮೇಲೆ ಅಂಬಾರಾಯ ಒರಗಿದ್ದ. ಬಲಗೈ ಬಟ್ಟೆಯ ಗಂಟಾಗಿತ್ತು. ಕಲಬುರಗಿಗೆ ಒಯ್ಯಬೇಕು, ಎರಡು ಬೆರಳು ಉಳಿಯುವುದಿಲ್ಲ, ಉಳಿದವು ಮಡಚಲು ಬಂದರೆ ಪುಣ್ಯ ಎಂದು ಡಾಕ್ಟರು ಹೇಳಿದ್ದರು. ಮಂಚದ ಕಾಲ ಹತ್ತಿರ ನೆಲದ ಮೇಲೆ ಅವನ ತಾಯಿ ಮಾಳಮ್ಮ ಕೂತಿದ್ದಳು. ತೊಗರಿ ಕೊಯ್ಯುವಲ್ಲಿಂದ ಎದ್ದು ಬಂದಿದ್ದಳು. ಸೆರಗಿನ ತುಂಬ ಒಣ ಎಲೆಯ ಚೂರು, ಸೊಂಟದಲ್ಲಿ ಸಿಕ್ಕಿಸಿದ ಕುಡುಗೋಲು ಹಾಗೇ ಇತ್ತು. ಜಮಾದಾರ ಅದನ್ನು ತೆಗೆದಿಡು ಅಂದಿದ್ದ. ಅವಳಿಗೆ ಕೇಳಿಸಿದಂತಿರಲಿಲ್ಲ.

ಕಾಲೇಜಿನಲ್ಲಿ ಎಲ್ಲರನ್ನೂ ಕೇಳಿ ಆಯಿತು ಅಂದ ಜಮಾದಾರ. ಪ್ರತಿಯೊಬ್ಬರೂ ನಾನು ನೋಡಿಲ್ಲ, ಬಾಜೂದವರು ನೋಡಿರಬೇಕು ಅಂತಾರೆ. ಬಾಜೂದವರನ್ನು ಕೇಳಿದರೆ ಅವರ ಬಾಜೂದವರು. ಅವನಿಗೆ ಅದರಲ್ಲಿ ಅಚ್ಚರಿಯಿರಲಿಲ್ಲ, ಬೇಸರವಿತ್ತು. ನೋಡಿದವರು ಅಂತ ಹುಡುಗ ಒಬ್ಬರದೇ ಹೆಸರು ಹೇಳುತ್ತಾನೆ. ಅವರು ಹೌದಂದರೆ ಕೇಸು ಬರೆಯುವುದು, ಇಲ್ಲಂದರೆ ಫರ್ಸಿ ಬಿದ್ದದ್ದು. ತನಗೆ ಎರಡೂ ಒಂದೇ.

ಮಾಳಮ್ಮ ಎದ್ದಳು. ಕೈ ಮುಗಿಯಲಿಲ್ಲ. “ನೀವು ಮ್ಯಾಲಿಂದ ನೋಡೀರಿ ಅಂತಾನ್ರಿ ನನ ಮಗ,” ಅಂದಳು. “ಹೆಚ್ಚಿಂದೇನ ಹೇಳಬ್ಯಾಡ್ರಿ. ಕಂಡದ್ದಷ್ಟ ಹೇಳ್ರಿ.”

ಮಹೇಶಕುಮಾರ ಹೌದು ಅನ್ನಲು ಬಾಯಿ ತೆರೆದ. ಅದು ನಿಜ. ಗಂಟಲಿನವರೆಗೆ ಬಂದ ಹೌದು ಅಲ್ಲಿಂದ ತನ್ನ ಪಕ್ಕದವರನ್ನು ನೋಡಿತು. ಬಾಗಿಲಲ್ಲಿ ವ್ಯಂಕಟೇಶ ಕನ್ನಡಕ ತೆಗೆದು ಒರೆಸುತ್ತಿದ್ದರು. ಹೆಗಲ ಮೇಲಿನ ಕಂಬಳಿ ಬೆಚ್ಚಗಿತ್ತು. ತಾನೊಬ್ಬ ಹೌದಂದರೆ ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಹುಡುಗನಿಗೆ ಇನ್ನೂ ಅಪಾಯ, ಎಂಬ ಒಂದು ವಾದ ಎಲ್ಲಿಂದಲೋ ಸಿದ್ಧವಾಗಿ ಬಂತು. ಚೆನ್ನಾಗಿಯೇ ಇತ್ತು. ಯಾರೋ ಬರೆದು ಕೊಟ್ಟದ್ದನ್ನು ದಾಟಿಸುವಷ್ಟು ಸಲೀಸು.

“ಮಹಡಿ ಕಿಟಕ್ಯಾಗ ನೀವೇ ಇದ್ರಿ ಹೌದಲ್ರಿ?” ಅಂದ ಜಮಾದಾರ.

“ಆ ಕಿಟಕ್ಯಾಗ ಯಾರೂ ಇರ್ಲಿಲ್ರಿ.”

ದನಿ ತನ್ನದೇ. ಧಾಟಿಯನ್ನು ಮಾತ್ರ ಬೆಳಿಗ್ಗೆ ಎಲ್ಲೋ ಕೇಳಿದ್ದ.

ವ್ಯಂಕಟೇಶ ಕನ್ನಡಕ ಹಾಕಿಕೊಂಡರು. ಮಾಳಮ್ಮ ಅವನ ಕಾಲ ಹತ್ತಿರ ಉಗುಳಿದಳು. ಅಷ್ಟು ಹತ್ತಿರ ಉಗುಳಿ, ಅವನ ಮೇಲೆ ಬೀಳದಂತೆ ನೋಡಿಕೊಂಡಳು. ಅದೇ ಹೆಚ್ಚು ಉರಿಯಿತು.

ಅಂಬಾರಾಯನ ತುಟಿಯ ಕೊನೆಯಲ್ಲಿ ನಗುವಿರುತ್ತಿದ್ದ ಜಾಗ ಬಾತು ಮುಚ್ಚಿಹೋಗಿತ್ತು. ಅವನು ಉಳಿದಿದ್ದ ಎಡಗೈಯನ್ನು ಎತ್ತಿದ. ಅಂಗೈಯನ್ನು ಮಹೇಶಕುಮಾರನ ಕಡೆ ತಿರುಗಿಸಿ ಹಿಡಿದ. ಅದರ ಮೇಲೆ ಏನಾದರೂ ಬರೆದಿತ್ತೋ ಇಲ್ಲವೋ. ಕೈ ಇಳಿಯಲಿಲ್ಲ. ಈ ಸಲ ಆಸರೆ ಕೊಡಲು ಇನ್ನೊಂದಿರಲಿಲ್ಲ. ಬೆಳಿಗ್ಗೆ ಹಿಡಿದಷ್ಟೇ ಹೊತ್ತು ಹಿಡಿದಿದ್ದನೇನೋ. ಮಹೇಶಕುಮಾರ ಜಮಾದಾರ ಚಾಚಿದ ಹಾಳೆಗೆ ಸಹಿ ಹಾಕಿ, ಎದುರಿನ ಬಾಗಿಲನ್ನೇ ನೋಡುತ್ತ ಹೊರಗೆ ನಡೆದ.

*

ಕಲಬುರಗಿ ರಸ್ತೆಯ ತಿರುವಿನಲ್ಲಿ ಬಸ್ಸಿಗೆ ಮಂದಿ ನಿಂತಿದ್ದರು. ತೊಗರಿ ಹೊಲದಿಂದ ಬಂದ ಕೂಲಿಯವರು, ಕೋಳಿ ಹಿಡಿದ ಒಬ್ಬ ಮುದುಕಿ, ಕಾಲೇಜಿನ ಚೀಲ ಹಾಕಿಕೊಂಡ ಇಬ್ಬರು. ಇಬ್ಬರೂ ಅವನಿಗೆ ನಮಸ್ಕಾರ ಮಾಡಿದರು, ಯಾವತ್ತಿನ ಹಾಗೆಯೇ. ಅವನು ಎಲ್ಲರಿಗಿಂತ ಮುಂದೆ ಹೋಗಿ ನಿಂತ.

ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಅವನು ಬಲಗೈ ಎತ್ತಿದ. ಇಳಿಬಿಸಿಲು ನೇರವಾಗಿ ಅಂಗೈಗೆ ಬಿತ್ತು. ಕೆಂಪು ಚರ್ಮದ ನಡುವೆ ಸೊನ್ನೆ ಕಪ್ಪಗೆ, ದುಂಡಗೆ, ಯಾರು ಬೇಕಾದರೂ ಓದುವಷ್ಟು ದೊಡ್ಡದಾಗಿತ್ತು. ಡ್ರೈವರು ನೋಡಿದ. ಬಸ್ಸು ನಿಲ್ಲಲಿಲ್ಲ. ಗಾಲಿ ಅವನ ಚಪ್ಪಲಿಯ ತುದಿಯನ್ನು ಸವರಿ ಹೋಯಿತು.

ಕೈ ಇಳಿಸಬೇಕೆಂದು ಅವನಿಗೆ ತೋಚಲಿಲ್ಲ.

ಹಿಂದಿನವನು ಆ ಎತ್ತಿದ ಕೈ ನೋಡಿದ. ನೋಡಿ, ಯಾಕೆಂದು ಕೇಳದೆ ತಾನೂ ಎತ್ತಿದ. ಅವನನ್ನು ನೋಡಿ ಅವನ ಹಿಂದಿನವಳು. ಅವಳನ್ನು ನೋಡಿ ಚೀಲದ ಹುಡುಗರು. ಮುದುಕಿ ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ತನ್ನದನ್ನೂ ಎತ್ತಿದಳು. ರಸ್ತೆ ಕಣ್ಣು ಮುಟ್ಟುವವರೆಗೂ ಬರಿದಾಗಿತ್ತು. ಧೂಳು ನಿಧಾನವಾಗಿ ಇಳಿಯುತ್ತ ಸಾಲಾಗಿ ನಿಂತ ಅಂಗೈಗಳ ಮೇಲೆ, ಒಂದೊಂದರ ಮೇಲೂ ಸಮನಾಗಿ ಕೂತಿತು.